ಬೆಣ್ಣೆ ಬಣ್ಣದ ಎಮ್ಮೆಗಳು

ಕಳಕವ್ವ ಕೆಲಸಕ್ಕೆ ಕೂಡುವುದು ಕುಣಿಯಲ್ಲಿ. ಬೆಟಗೇರಿಯ ನೇಕಾರ ಓಣಿಯ ಹಳೆಯ ಮನೆಗಳಲ್ಲಿ ಮುಂದಿನ ಖೋಲಿಯ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಕೈಮಗ್ಗದ ಮುಂದೆ ಕೂತ ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಮೆಟ್ಟು ತುಳಿಯುತ್ತಾನೆ. ಕಳಕವ್ವನ ಮನೆಯ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ವರ್ಷಗಳಾದವು. ಕುಣಿ ಮಾತ್ರ ಹಾಗೇ ಉಳಿಯಿತು. ಅದರ ಅಂಚಿಗೆ ಒಂದು ಹಲಗೆ ಇಟ್ಟುಕೊಂಡು, ಕಾಲು ಕೆಳಗೆ ಬಿಟ್ಟು, ಪಕ್ಕದ ಕಿಟಕಿಯ ಬೆಳಕಿನಲ್ಲಿ ಅವಳು ಪ್ರಾಣಿ ಮಾಡುತ್ತಾಳೆ. ಎಮ್ಮೆ, ಕುರಿ, ಕತ್ತೆ, ಕಾಗೆ, ಅಳಿಲು. ಒಂದೊಂದೂ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಪ್ರತಿಯೊಂದರಲ್ಲೂ ದಾರ ಹೋಗುವಷ್ಟು ತೂತು. ಸರಕ್ಕೆ ಪೋಣಿಸುವ ಮಣಿಗಳು ಅವು.

ನನ್ನ ರಿಪೇರಿ ಅಂಗಡಿ ಅವರ ಮನೆಯ ಎದುರಿಗೇ ಇದೆ. ಮಿಕ್ಸರ್, ಫ್ಯಾನು, ಇಸ್ತ್ರಿ ಪೆಟ್ಟಿಗೆ, ಏನು ಕೆಟ್ಟರೂ ಓಣಿಯ ಜನ ನನ್ನ ಹತ್ತಿರ ತರುತ್ತಾರೆ. ತಂದು ಇಟ್ಟು ಹೋದರೆ ಸರಿ. ಎದುರಿಗೆ ನಿಂತು ಅದನ್ನು ಹಾಗೆ ಬಿಚ್ಚು, ಇದನ್ನು ಹೀಗೆ ಜೋಡಿಸು ಎಂದು ನನಗೇ ಪಾಠ ಹೇಳುವವರನ್ನು ನಾನು ಹೊರಗೆ ಹಾಕುತ್ತೇನೆ. ಕಳಕವ್ವ ಹಾಗೆ ಒಂದು ದಿನವೂ ನಿಂತವಳಲ್ಲ. ಕೆಟ್ಟದ್ದನ್ನು ಇಟ್ಟು, "ಮಾಶಾಕಣ್ಣ, ಇದು ಸುಳ್ಳ ಹೇಳಾಕ ಹತ್ತೇತಿ ನೋಡು" ಎಂದು ಹೋಗಿಬಿಡುತ್ತಾಳೆ. ಅವಳ ಭಾಷೆಯಲ್ಲಿ ಯಂತ್ರ ಕೆಡುವುದಿಲ್ಲ, ಸುಳ್ಳು ಹೇಳುತ್ತದೆ.

ಅವಳ ತವರು ಡಂಬಳ. ಅಪ್ಪ ಮಳೆ ನೋಡಿ ಜೋಳ, ಕಡಲೆ ಬಿತ್ತುತ್ತಿದ್ದ. ಮನೆಯಲ್ಲಿ ಎಮ್ಮೆಗಳಿದ್ದವು. ಅವನ್ನು ಕೆರೆಗೆ ಹೊಡೆದುಕೊಂಡು ಹೋಗುವುದು ಇವಳ ಪಾಲಿನ ಕೆಲಸ. ಎಮ್ಮೆ ನೀರಿನಿಂದ ಎದ್ದು ಬಂದಾಗ ಕಿವಿ ಹೇಗೆ ಜೋತುಬೀಳುತ್ತದೆ, ಮಲಗಿದಾಗ ಮುಂಗಾಲು ಎಲ್ಲಿ ಹೋಗುತ್ತದೆ ಎಂದು ಅವಳು ಇವತ್ತಿಗೂ ಯಾರನ್ನೂ ಕೇಳುವುದಿಲ್ಲ. ಮದುವೆಯಾಗಿ ಬೆಟಗೇರಿಗೆ ಬಂದಳು. ಗಂಡ ತಿರಕಪ್ಪ ಸೀರೆ ನೇಯುತ್ತಿದ್ದ, ಇವಳು ಲಾಳಿಗೆ ಹಾಕುವ ನೂಲು ಸುತ್ತುತ್ತಿದ್ದಳು. ಸೆರಗಿಗೆ ಬಣ್ಣ ಹೊಂದಿಸುವುದೂ ಅವಳೇ. ತಿರಕಪ್ಪ ಬಾಯಿ ತೆರೆಯುವುದು ಅಪರೂಪ. ಎರಡು ಲಡಿ ನೂಲು ಎತ್ತಿ ಹಿಡಿದು "ಯಾವದು?" ಎನ್ನುತ್ತಿದ್ದ. ಅವಳು ಒಂದರ ಕಡೆ ಗೋಣು ಹಾಕುತ್ತಿದ್ದಳು. ಹೀಗೇ ಸಂಸಾರ ನಡೆಯಿತು. ಮುಂದೆ ಕೈಮಗ್ಗದ ಸೀರೆ ಕೇಳುವವರು ಕಡಿಮೆಯಾದರು. ತಿರಕಪ್ಪ ಬೇರೊಬ್ಬರ ಪವರ್‌ಲೂಮ್ ಶೆಡ್ಡಿಗೆ ಹೋಗತೊಡಗಿದ. ಕಳಕವ್ವನ ಕೈಗೆ ಕೆಲಸವಿಲ್ಲದಂತಾಯಿತು.

ಮಣಿಯ ಕೆಲಸ ಅವಳಿಗೆ ಹತ್ತಿದ್ದು ಲಕ್ಷ್ಮೇಶ್ವರದಲ್ಲಿ. ಅಲ್ಲಿರುವ ತಂಗಿ ಕಸ್ತೂರೆವ್ವ ಕೀಲಿಕೈಗೆ ಪಾಲಿಮರ್ ಕ್ಲೇಯ ಒಂದು ಅಳಿಲಿನ ಗೊಂಬೆ ಕಟ್ಟಿಕೊಂಡಿದ್ದಳಂತೆ. ಕಳಕವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ ಬೇ, ಅಳಿಲಿಗೆ ನಾಯಿ ಬಾಲ ಹಚ್ಯಾರಲ್ಲ. ಇದಕ್ಕ ರೊಕ್ಕ ಬ್ಯಾರೆ ಕೊಟ್ಟಿಯೇನ?" ಎಂದಳು.

"ಹಂಗಾರ ನೀನ ಒಂದ ಮಾಡಿ ಕೊಡ ಬಾ" ಎಂದಳು ಕಸ್ತೂರೆವ್ವ, ಸಿಟ್ಟಿನಿಂದ.

ಮಾಡಿಯೇ ಕೊಟ್ಟಳು. ಆದರೆ ಅದಕ್ಕಿಂತ ಮೊದಲು ಕೆಡಿಸಿದ್ದು ಬಹಳ. ಈ ಪಾಲಿಮರ್ ಕ್ಲೇ ಎನ್ನುವುದು ಹೆಸರಿಗೆ ಮಣ್ಣು, ಮಣ್ಣಿನ ಗುಣ ಒಂದೂ ಇಲ್ಲ. ಸೋಪಿನ ತುಂಡಿನ ಹಾಗೆ ಪೊಟ್ಟಣದಲ್ಲಿ ಬರುತ್ತದೆ, ಬೆರಳಿನ ಬಿಸಿಗೆ ಮೆತ್ತಗಾಗುತ್ತದೆ, ಎಷ್ಟು ದಿನ ಬಿಟ್ಟರೂ ತಾನಾಗಿ ಒಣಗುವುದಿಲ್ಲ. ಅವಳು ಮಣ್ಣೆಂದೇ ತಿಳಿದು ಮೊದಲ ಪ್ರಾಣಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಳು. ನಮ್ಮ ಬೇಸಿಗೆಯ ಬಿಸಿಲು. ಸಂಜೆ ನೋಡಿದರೆ ಕುರಿ, ಕೋಳಿ, ಎಮ್ಮೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಪ್ರಾಣಿಯಾಗಿದ್ದವು. ಆಮೇಲೆ ರೊಟ್ಟಿಯ ಹಂಚಿನ ಮೇಲೆ ಸುಟ್ಟಳು. ಆ ಹೊಗೆಯ ನಾತ ನನ್ನ ಅಂಗಡಿಯವರೆಗೆ ಬಂತು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಓಡಿದೆ.

"ಏನ ಸುಡಾಕ ಹತ್ತೀ? ವೈರಿಂಗ್ ಹತ್ತೇತೇನ ಅಂತ ನನ್ನ ಜೀಂವಾ ಹೋತು!"

"ಕಾಗಿ ಸುಡಾಕ ಹತ್ತೀನಿ" ಎಂದಳು, ಮೂಗಿಗೆ ಸೆರಗು ಹಿಡಿದುಕೊಂಡು.

ಯಾರೋ ರಿಪೇರಿಗೆ ಬಿಟ್ಟು ಮತ್ತೆ ಬಾರದೇ ಹೋದ ಸಣ್ಣ ಕರೆಂಟಿನ ಒಲೆಯೊಂದು ನನ್ನಲ್ಲಿತ್ತು. ಕೇಕು ಬೇಯಿಸುವ ಡಬ್ಬಿಯಂಥದ್ದು. ಅದರ ಗುಂಡಿಯ ಮೇಲಿನ ಅಂಕಿಯೊಂದು, ಒಳಗಿನ ಶಾಖ ಇನ್ನೊಂದು. ನಾನು ಒಳಗೇ ಒಂದು ಶಾಖದ ಮಾಪಕ ಕೂಡಿಸಿ ಕೊಟ್ಟೆ. "ಮುಳ್ಳು ಇಲ್ಲಿಂದ ಇಲ್ಲಿ ಮಟ ಇರಬೇಕು. ದಾಟಿದ್ರ ಬಣ್ಣ ಸುಡತೈತಿ. ಮತ್ತ ಈ ಒಲಿಯಾಗ ತಿನ್ನೂ ಪದಾರ್ಥ ಬಿಸಿ ಮಾಡಿದ್ರ ನೋಡು, ಒಲಿ ಎತ್ಕೊಂಡ ಹೋಗ್ತೀನಿ" ಎಂದು ಹೇಳಿದೆ. ಅವಳು ಗೋಣು ಹಾಕಿದಳು. ಅಲ್ಲಿಂದ ಪ್ರಾಣಿಗಳು ಗಟ್ಟಿಯಾಗಿ, ನೆಟ್ಟಗೆ ಹೊರಗೆ ಬರತೊಡಗಿದವು.

ತೂತು ಹಾಕುವುದಕ್ಕೆ ಹಳೆಯ ಮಗ್ಗದ ಫಣಿಯಿಂದ, ಅಂದರೆ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಿಂದ, ಮುರಿದ ತಂತಿ ಇಟ್ಟುಕೊಂಡಿದ್ದಾಳೆ. ಬೇಯಿಸುವ ಮೊದಲೇ ಹಾಕಬೇಕು. ಎಮ್ಮೆಗೆ ಹೊಟ್ಟೆಯಲ್ಲಿ ಈ ಕಡೆಯಿಂದ ಆ ಕಡೆಗೆ, ಕಾಗೆಗೆ ನೆತ್ತಿಯಿಂದ ಕಾಲಿಗೆ. ಇಲ್ಲದಿದ್ದರೆ ಕೊರಳಲ್ಲಿ ಕಾಗೆ ಬೋರಲು ಬಿದ್ದುಕೊಳ್ಳುತ್ತದೆ. ಬಿಳಿ ಬಣ್ಣ ಮುಟ್ಟುವ ದಿನ ನೈಲಾನ್ ಸೀರೆ ಉಡುತ್ತಾಳೆ. ನಮ್ಮ ಓಣಿಯ ಗಾಳಿಯಲ್ಲೇ ನೂಲಿನ ಧೂಳು ಇರುತ್ತದೆ. ಅದರ ಮೇಲೆ ಹತ್ತಿ ಸೀರೆಯ ಎಳೆಯೂ ಸೇರಿದರೆ ಬಿಳಿ ಕುರಿಗೆ ಮೀಸೆ ಬರುತ್ತದೆ. ನೇಕಾರರ ಮನೆಯವಳು ನೈಲಾನ್ ಉಟ್ಟಳೆಂದು ಓಣಿಯ ಹೆಂಗಸರು ನಕ್ಕರು. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮೊದಮೊದಲು ಮಣಿಗಳು ಮುಂಡರಗಿ, ಶಿರಹಟ್ಟಿಯ ಬಳೆ ಅಂಗಡಿಗಳಿಗೆ ಹೋಗುತ್ತಿದ್ದವು. ಶಿರಹಟ್ಟಿಯಲ್ಲಿ ಅವನ್ನು ಕಂಡವಳು ವಿದ್ಯಾಶ್ರೀ. ಹುಬ್ಬಳ್ಳಿಯವಳು, ಸರ ಪೋಣಿಸಿ ಪ್ರದರ್ಶನಗಳಲ್ಲಿ, ಫೋನಿನಲ್ಲಿ ಮಾರುತ್ತಾಳೆ. ಅಂಗಡಿಯವರಿಂದ ವಿಳಾಸ ಕೇಳಿಕೊಂಡು ನೇರ ಬೆಟಗೇರಿಗೆ ಬಂದಳು. ಎಮ್ಮೆಯನ್ನು ಅಂಗೈಯಲ್ಲಿಟ್ಟುಕೊಂಡು, "ಅಕ್ಕಾರ, ಪ್ರಾಣಿ ಭಾಳ ಛಂದ ಅದಾವ್ರಿ. ಬಣ್ಣ ಮಾತ್ರ ಹಳೇವು. ಈಗ ಟ್ರೆಂಡ್ ಬ್ಯಾರೆನ ನಡದೈತಿ" ಎಂದಳು.

"ಟ್ರೆಂಡ್ ಅಂದ್ರ?"

"ವರ್ಷಕ್ಕೊಂದ ಬಣ್ಣ ಎದ್ದು ಬರತೈತಿರಿ. ಬಟ್ಟಿ, ಚಪ್ಪಲ, ಗ್ವಾಡಿ, ಎಲ್ಲಾ ಅದ ಬಣ್ಣ."

"ಹಂಗಂದ್ರ ಹುಚ್ಚು ಅನ್ನವಾ" ಎಂದಳು ಕಳಕವ್ವ. ಅಂದಿನಿಂದ ವಿದ್ಯಾಶ್ರೀಯ ಫೋನ್ ಬಂದಾಗಲೆಲ್ಲ ಇವಳ ಮೊದಲ ಪ್ರಶ್ನೆ: "ಈ ಸಲದ ಹುಚ್ಚು ಯಾವದು?"

ವಿದ್ಯಾಶ್ರೀ ಮೊದಲು ಬಣ್ಣದ ಫೋಟೊ ಕಳಿಸುತ್ತಿದ್ದಳು. ಕಳಕವ್ವನ ಫೋನಿನಲ್ಲಿ ಒಂದು ಬಣ್ಣ, ತಿರಕಪ್ಪನದರಲ್ಲಿ ಇನ್ನೊಂದು, ಬಿಸಿಲಿಗೆ ಹಿಡಿದರೆ ಮತ್ತೊಂದು. ಎರಡು ಸಲ ಬಣ್ಣ ತಪ್ಪಿದ ಮೇಲೆ ಕಳಕವ್ವ ತನ್ನದೇ ನಿಯಮ ಮಾಡಿದಳು. "ಫೋಟೊ ಬ್ಯಾಡ. ಫೋನ್ ಸುಳ್ಳ ಹೇಳತೈತಿ. ಯಾವ ಪದಾರ್ಥದ ಬಣ್ಣ ಅಂತ ಬಾಯಿಲೆ ಹೇಳು. ಆ ಪದಾರ್ಥ ಮುಂದ ಇಟಗೊಂಡ ಕಲಸತೀನಿ." ಹಾಗೇ ನಡೆಯಿತು. ಒಂದು ವರ್ಷ ಒಣಗಿದ ಬೇವಿನೆಲೆಯ ಹಸಿರು. ಒಂದು ವರ್ಷ ಹಾಲು ಹಾಕಿದ ಕಾಫಿಯ ಕಂದು. ಅದಕ್ಕಾಗಿ ಅವಳು ಕಾಫಿ ಪುಡಿ ತರಿಸಿದ್ದಳು. ಅವರ ಮನೆಯಲ್ಲಿ ಚಹಾ ಬಿಟ್ಟು ಬೇರೇನೂ ಕುಡಿಯುವುದಿಲ್ಲ, ಉಳಿದ ಪುಡಿ ನನಗೆ ಬಂತು. ಒಮ್ಮೆಯೂ ಬಣ್ಣ ತಪ್ಪಲಿಲ್ಲ.

ಇನ್ನು ದುರ್ಗೇಶನ ವಿಷಯ. ಅವನು ತಿರಕಪ್ಪನ ತಮ್ಮ. ಅದೇ ಮನೆಯ ಹಿಂದಿನ ಭಾಗದಲ್ಲಿ ಹೆಂಡತಿಯೊಂದಿಗೆ ಇರುತ್ತಾನೆ. ಗದಗ ಬಸ್‌ಸ್ಟ್ಯಾಂಡಿನ ಹತ್ತಿರ ಕೈಗಾಡಿಯಲ್ಲಿ ಫೋನಿನ ಕವರು, ಚಾರ್ಜರು ಮಾರುತ್ತಾನೆ. ಕೆಟ್ಟವನಲ್ಲ. ಆದರೆ ಬಿಸಿಲಲ್ಲಿ ನಿಂತು ನಿಂತು ಅವನ ತಲೆಯಲ್ಲಿ ಒಂದೇ ವಿಚಾರ ಕೂತಿತ್ತು. ಮನೆಯ ಮುಂದಿನ ಖೋಲಿ ರಸ್ತೆಗೆ ಹತ್ತಿದೆ. ಕುಣಿ ಮುಚ್ಚಿ, ಶಟರ್ ಹಾಕಿದರೆ ಅಂಗಡಿಯಾಗುತ್ತದೆ. ಮನೆ ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿದೆ. ಕೇಳುವ ಹಕ್ಕು ಅವನಿಗೂ ಇತ್ತು, ಕೇಳಿದ.

ಕೇಳಿದ್ದು ನನ್ನ ಎದುರಿಗೇ. ನಾನು ಆ ದಿನ ಒಲೆಯ ವೈರು ಬದಲಿಸಲು ಹೋಗಿದ್ದೆ. ದುರ್ಗೇಶ ಬಾಗಿಲಲ್ಲಿ ನಿಂತು, "ವೈನಿ, ಎಷ್ಟ ದಿನಾ ಕುಣ್ಯಾಗ ಕುಂತ ಗೊಂಬಿ ಆಡತೀ?" ಎಂದ.

"ಆಡಾಕ ಹತ್ತಿಲ್ಲ, ದುಡಿಯಾಕ ಹತ್ತೀನಿ."

"ದುಡಿಯೂದಾದ್ರ ಅಡಗಿಮನ್ಯಾಗ ಕುಂತ ದುಡಿ. ಹುಣಸಿ ಬೀಜದಷ್ಟ ಎಮ್ಮಿ ಮಾಡಾಕ ಇಷ್ಟ ದೊಡ್ಡ ಖೋಲಿ ಯಾಕ ಬೇಕು? ಖರೆ ಎಮ್ಮಿ ಕಟ್ಟತೀಯೇನು?"

"ಅಡಗಿಮನ್ಯಾಗ ಬೆಳಕಿಲ್ಲ. ಬಣ್ಣ ಕಲಸಾಕ ಈ ಕಿಡಕಿನ ಬೇಕು. ಬಲ್ಬಿನ ಬೆಳಕಿನ್ಯಾಗ ಹಸರು ನೀಲಿ ಕಾಣತೈತಿ."

ಅದು ನಿಜ. ಆ ಕಿಟಕಿ ಇರುವುದೇ ನೇಕಾರನ ಕಣ್ಣಿಗಾಗಿ. ಹಿಂದಿನವರು ಮಗ್ಗದ ಜಾಗ ನೋಡಿಯೇ ಗೋಡೆ ಒಡೆಸಿ ಇಟ್ಟದ್ದು. ಆ ಮನೆಯಲ್ಲಿ ಹಗಲು ಬೆಳಕು ಬೀಳುವ ಬೇರೆ ಕಿಟಕಿ ಇಲ್ಲ. ಖೋಲಿ ಹೋದರೆ ಕಳಕವ್ವನ ಬಣ್ಣ ಹೋಯಿತು, ಬಣ್ಣ ಹೋದರೆ ಹುಬ್ಬಳ್ಳಿಯವಳು ಬರುವುದಿಲ್ಲ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಬಾಯಿ ಹಾಕಿದೆ.

"ಏ ದುರ್ಗ್ಯಾ, ನಿನ್ನ ಪ್ಲಾಸ್ಟಿಕ್ ಕವರ್ ಮಾರಾಕ ಅಡಗಿಮನಿ ಸಾಕಾಗತೈತೇನ ನೋಡು ಮೊದಲ!"

"ಮಾಶಾಕಣ್ಣ, ನೀ ವೈರ್ ಜೋಡಸು. ಮನಿ ಮಂದಿ ಮಾತಾಡಾಕ ಹತ್ತೇವಿ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಕಳಕವ್ವ ಕೈ ಅಡ್ಡ ಹಿಡಿದಳು. ಅವಳು ದುರ್ಗೇಶನಿಗೆ ಹೇಳಿದ್ದು ಇಷ್ಟು: ಹುಬ್ಬಳ್ಳಿಯಿಂದ ಹಿಂದೆ ಬಾರದಷ್ಟು ದೊಡ್ಡ ಆರ್ಡರ್ ಬಂದಿದೆ. ಪ್ರದರ್ಶನಕ್ಕೆ ಬೇಕಂತೆ. ಅದು ಪಾಸಾದರೆ ಇದು ಆಟವಲ್ಲ, ಕಸುಬು ಎಂದು ಒಪ್ಪಬೇಕು.

ದುರ್ಗೇಶ ಸ್ವಲ್ಪ ಹೊತ್ತು ಕೆನ್ನೆ ಕೆರೆದುಕೊಂಡ. "ಆತು. ಆಕಿ ಬಂದು ನೋಡಿ ಪಾಸ್ ಮಾಡಿದ್ರ ಖೋಲಿ ನಿಂದು, ನಾ ಮತ್ತ ಬಾಯಿ ತಗ್ಯಾಂಗಿಲ್ಲ. ಪಾಸಾಗಲಿಲ್ಲಂದ್ರ ಖೋಲಿ ನಂದು, ನೀ ಬಾಯಿ ತಗೀಬಾರದು. ಏನಂತೀ?"

"ಆತು" ಎಂದಳು.

"ಮಾಶಾಕಣ್ಣ, ನೀನ ಸಾಕ್ಷಿ" ಎಂದ. ಆಗ ಮಾತ್ರ ನಾನು ಮನೆಯ ಮನುಷ್ಯನಾದೆ.

ಆರ್ಡರಿನ ಬಣ್ಣ ಏನೆಂದು ವಿದ್ಯಾಶ್ರೀ ಧ್ವನಿ ಸಂದೇಶ ಕಳಿಸಿದ್ದಳು. ಕಳಕವ್ವ ಅದನ್ನು ನನಗೂ ಕೇಳಿಸಿದಳು: "ಅಕ್ಕಾರ, ಈ ಸಲ ಎಲ್ಲಾ ಕಡೆ ಬೆಣ್ಣಿ ಬಣ್ಣ ನಡದೈತ್ರಿ. ಎಲ್ಲಾ ಪ್ರಾಣಿನೂ ಬೆಣ್ಣಿ ಬಣ್ಣದಾಗನ ಮಾಡ್ರಿ. ಎಮ್ಮಿ, ಕಾಗಿ, ಕತ್ತಿ, ಅಳಿಲು, ಕುರಿ, ಮೊಲ, ಬಾತು. ಒಂದೂ ಬ್ಯಾರೆ ಬಣ್ಣ ಬ್ಯಾಡ್ರಿ."

"ಎಮ್ಮಿನೂ ಬೆಣ್ಣಿ ಬಣ್ಣ?" ಎಂದೆ ನಾನು.

"ಹುಚ್ಚು ಅಂದೆನಲ್ಲ" ಎಂದಳು ಕಳಕವ್ವ.

ಬೆಣ್ಣೆಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಯಳವತ್ತಿಯ ಹುಚ್ಚವ್ವ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ನಮ್ಮ ಓಣಿಯಲ್ಲಿ ಬೆಣ್ಣೆ ಮಾರುತ್ತಾಳೆ. ನೀರು ಮಜ್ಜಿಗೆಯಲ್ಲಿ ತೇಲುವ ಎಮ್ಮೆಯ ಬೆಣ್ಣೆಯ ಉಂಡೆಗಳು. ಜೋಳದ ರೊಟ್ಟಿಯ ಮೇಲೆ ಅದನ್ನು ಇಟ್ಟುಕೊಂಡು ಬೆಳೆದವರು ನಾವು. ಕಳಕವ್ವ ಒಂದು ಉಂಡೆ ಕೊಂಡು ತಾಟಿನಲ್ಲಿಟ್ಟು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಎದುರಿಗೆ ಬಿಳಿ ಮಣ್ಣು ಕಲಸಿದಳು. ಮೊದಲ ಸಲದ್ದು ಸುಣ್ಣದ ಹಾಗೆ ಕಂಡಿತು. ಸಾಸಿವೆ ಕಾಳಿಗಿಂತ ಕಡಿಮೆ ಹಸಿರು ಸೇರಿಸಿದಳು, ತುಸು ಹೆಚ್ಚಾಯಿತು. ಮತ್ತೆ ಬಿಳಿ ಸೇರಿಸಿದಳು. ಅಷ್ಟರಲ್ಲಿ ಬೆಣ್ಣೆ ಕರಗಿ ತುಪ್ಪದ ಅಂಚಿಗೆ ಬಂತು. ಅದನ್ನು ಮಧ್ಯಾಹ್ನ ರೊಟ್ಟಿಗೆ ಹಾಕಿಕೊಂಡು ತಿಂದು, ತಣ್ಣೀರಿನ ಗಡಿಗೆಯಲ್ಲಿಟ್ಟಿದ್ದ ಇನ್ನೊಂದು ಉಂಡೆ ತಂದಳು.

ಕೊನೆಗೆ ನನ್ನನ್ನು ಕರೆದಳು. ಎರಡು ಉಂಡೆ ಅಕ್ಕಪಕ್ಕ ಇದ್ದವು. "ಯಾವದು ಬೆಣ್ಣಿ?"

ನಾನು ಬಗ್ಗಿ ನೋಡಿದೆ. ಬಿಳಿಯೊಳಗೆ ಆ ಎಮ್ಮೆಯ ಬೆಣ್ಣೆಗೆ ಇರುವ ತಣ್ಣನೆಯ ಹಸಿರು ಛಾಯೆ ಎರಡರಲ್ಲೂ ಇತ್ತು. ಒಂದನ್ನು ತೋರಿಸಿದೆ. ತಪ್ಪಾಯಿತು. ಅವಳು ನಕ್ಕಳು. ಆ ಆರ್ಡರಿನ ಕೆಲಸದಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಎಂದು ನೆನಪು.

ನೈಲಾನ್ ಸೀರೆ ಉಟ್ಟು ಕುಣಿಗೆ ಇಳಿದವಳು ಮನೆಯ ಬಿಳಿ ಮಣ್ಣೆಲ್ಲ ಮುಗಿಯುವ ತನಕ ಮಾಡಿದಳು. ಬೇಯಿಸುವಾಗ ಬಿಳಿ ಸುಟ್ಟು ಕಂದಾಗದಂತೆ ಮೇಲೆ ಬೆಳ್ಳಿ ಕಾಗದ ಮುಚ್ಚಿದಳು. ಒಲೆಯ ಹತ್ತಿರ ಮಾಪಕದ ಮುಳ್ಳು ನೋಡುತ್ತ ಕೂತಳು. ಕರೆಂಟು ಹೋದರೆ ನನ್ನನ್ನು ಕೂಗುತ್ತಿದ್ದಳು, ಕರೆಂಟು ನಾನೇ ತೆಗೆದವನ ಹಾಗೆ. ಶೆಡ್ಡಿನಿಂದ ಬಂದ ತಿರಕಪ್ಪ ತಾಟಿನಲ್ಲಿದ್ದ ಬಿಳಿ ಕಾಗೆಯೊಂದನ್ನು ಎತ್ತಿ ಬಹಳ ಹೊತ್ತು ನೋಡಿದ. ಮತ್ತೆ ಕಾಗೆಯನ್ನು ಅಲ್ಲೇ ಇಟ್ಟ.

ಪ್ರದರ್ಶನಕ್ಕೆ ಇನ್ನೂ ಸಮಯವಿರುವಾಗಲೇ ವಿದ್ಯಾಶ್ರೀ ಬಂದಳು. ದುರ್ಗೇಶ ಆ ದಿನ ಗಾಡಿ ಹಚ್ಚಿರಲಿಲ್ಲ. ನಾನೂ ಅಂಗಡಿ ತೆರೆದಿಟ್ಟೇ ಹೋದೆ. ತಿರಕಪ್ಪ ಗೋಡೆಗೆ ಒರಗಿ ಕೂತಿದ್ದ. ಕಳಕವ್ವ ಡಬ್ಬಿಗಳ ಮುಚ್ಚಳ ತೆಗೆದು ಸಾಲಾಗಿ ಇಟ್ಟಳು.

ವಿದ್ಯಾಶ್ರೀ ಮೊದಲ ಡಬ್ಬಿ ನೋಡಿದಳು. ಎರಡನೆಯದನ್ನು ನೋಡಿದಳು. "ಅಕ್ಕಾರ, ಬಣ್ಣ ಇನ್ನೂ ಹಚ್ಚಿಲ್ಲೇನ್ರಿ?"

"ಹಚ್ಚೇನಲ್ಲ. ಬೆಣ್ಣಿ ಬಣ್ಣ."

"ಇದು ಬಿಳಿ ಐತಲ್ರಿ!"

"ಬೆಣ್ಣಿ ಬೆಳ್ಳಗ ಇರೂದಲ್ಲನವಾ?"

ವಿದ್ಯಾಶ್ರೀ ಹಣೆಗೆ ಕೈ ಹಚ್ಚಿಕೊಂಡಳು. "ಬೆಣ್ಣಿ ಅಂದ್ರ ಹಳದಿರಿ! ತೆಳ್ಳನ ಹಳದಿ. ಎಲ್ಲಾರೂ ಬೆಣ್ಣಿ ಬಣ್ಣ ಅಂದ್ರ ಅದನ್ನ ಅಂತಾರ."

ನನಗೆ ತಡೆಯಲಾಗಲಿಲ್ಲ. "ಏನ್ ತಂಗಿ, ಹುಬ್ಬಳ್ಳ್ಯಾಗ ಎಮ್ಮಿ ಅರಿಷಿಣ ಹಿಂಡತಾವೇನು? ಬೆಣ್ಣಿ ಬೆಳ್ಳಗ! ಸಣ್ಣ ಕೂಸಿನ್ನ ಕೇಳ್ರಿ! ತಡೀರಿ, ಈಗ ತೋರಸತೀನಿ!"

ಓಣಿಯ ತುದಿಗೆ ಯಮನೂರಸಾಬನ ಕಿರಾಣಿ ಅಂಗಡಿ. "ಬೆಣ್ಣಿ ಕೊಡೋ!" ಎಂದೆ. ಅವನು ಫ್ರಿಜ್ಜಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ. ನಾನು ಅದನ್ನು ಹಿಡಿದುಕೊಂಡು ಓಡಿಬಂದು, ಎಲ್ಲರ ಮುಂದೆ, ಹಲಗೆಯ ಮೇಲೆ ಕಾಗದ ಬಿಚ್ಚಿದೆ.

ಹಳದಿ ಇತ್ತು. ಬಾಡಿದ ಸೇವಂತಿಗೆಯಂಥ ಹಳದಿ.

ಕಳಕವ್ವ ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ಮೂಸಿದಳು, ನಾಲಿಗೆಗೆ ಹಚ್ಚಿದಳು. "ಉಪ್ಪ ಹಾಕ್ಯಾರ" ಎಂದಳು. ಆಮೇಲೆ ಬೆಣ್ಣೆ ಸರಿಸಿ, "ತಪ್ಪು ನಂದ ಆತು. ಫೋಟೊ ಬ್ಯಾಡ ಅಂದಾಕಿ ನಾನ. ಯಾವ ಬೆಣ್ಣಿ ಅಂತರ ಕೇಳಬೇಕಿತ್ತು" ಎಂದಳು.

ವಿದ್ಯಾಶ್ರೀಗೂ ಮುಜುಗರವಾಯಿತು. "ನಮ್ಮ ಮನ್ಯಾಗ ಪಾಕೀಟಿನ ಬೆಣ್ಣಿನ ತರೂದ್ರಿ. ನಂಗ ಇದು ತಲ್ಯಾಗನ ಬರಲಿಲ್ಲ" ಎನ್ನುತ್ತ ಪ್ರಾಣಿಗಳನ್ನು ಹಲಗೆಯ ಮೇಲೆ ಎರಡು ಗುಂಪು ಮಾಡತೊಡಗಿದಳು. ಕುರಿ, ಮೊಲ, ಬಾತು ಒಂದು ಕಡೆ. ಎಮ್ಮೆ, ಕಾಗೆ, ಕತ್ತೆ, ಅಳಿಲು ಇನ್ನೊಂದು ಕಡೆ. "ಇವು ಬಿಳಿ ಇದ್ರೂ ನಡೀತಾವ್ರಿ. ಕುರಿ, ಮೊಲ ಯಾವಾಗ್ಲೂ ಹೋಗತಾವ. ಇವು ನಡ್ಯಂಗಿಲ್ಲ."

ದುರ್ಗೇಶ ಮುಂದೆ ಬಗ್ಗಿದ. "ಹಳದಿ ಎಮ್ಮಿ ನಡೀತೈತಿ, ಬಿಳಿ ಎಮ್ಮಿ ನಡ್ಯಂಗಿಲ್ಲೇನ್ರಿ?"

"ಹಳದಿ ಎಮ್ಮಿ ಫ್ಯಾಶನ್ರಿ. ಬಿಳಿ ಎಮ್ಮಿ ನೋಡಿದ್ರ ಬಣ್ಣ ಹಚ್ಚೂದು ಮರತಾರ ಅಂತಾರ."

"ಮ್ಯಾಲ ಬಣ್ಣ ಬಳದ್ರ?" ಎಂದೆ ನಾನು.

"ಬ್ಯಾಡ" ಎಂದಳು ಕಳಕವ್ವ, ವಿದ್ಯಾಶ್ರೀ ಬಾಯಿ ತೆರೆಯುವ ಮೊದಲೇ. "ಬಳದದ್ದು ಕೊಳ್ಳಾಗ ತಿಕ್ಕಿ ತಿಕ್ಕಿ ಹೋಗತೈತಿ. ಹಂತಾದ್ದು ನಾ ಕೊಡಂಗಿಲ್ಲ. ಹೊಸಾವು ಮಾಡತೀನಿ, ಬಿಳಿ ಮಣ್ಣ ತರಸಬೇಕು."

"ನಾನ ಕಳಸತೀನ್ರಿ ಅಕ್ಕಾರ. ಹೊಸಾವು ಮಾಡ್ರಿ, ಪ್ರದರ್ಶನಕ್ಕ ಮುಟ್ಟತಾವ" ಎಂದು ವಿದ್ಯಾಶ್ರೀ ಕುರಿ, ಮೊಲ, ಬಾತುಗಳನ್ನು ಚೀಲಕ್ಕೆ ತುಂಬಿಕೊಂಡಳು.

ಅವಳು ಎದ್ದು ಹೊಸ್ತಿಲು ದಾಟುವುದರೊಳಗೆ ದುರ್ಗೇಶ ಗಂಟಲು ಸರಿಮಾಡಿಕೊಂಡ. "ವೈನಿ, ಮಾತ ಆಗೇತಿ. ಪಾಸಾಗಲಿಲ್ಲ."

"ಪಾಸಾಗಲಿಲ್ಲಂದ್ರ? ಆಕಿ ಚೀಲಾ ತುಂಬ್ಕೊಂಡ ಹೋಗಾಕ ಹತ್ಯಾಳ, ನಿನಗ ಕಣ್ಣ ಕಾಣಂಗಿಲ್ಲೇನ?" ಎಂದು ನಾನು ಕೂಗಿದೆ.

"ಹಲಗಿ ಮ್ಯಾಲ ಕುಂತಾವಲ್ಲ ಎಮ್ಮಿ, ಅವು ನಿನಗ ಕಾಣಂಗಿಲ್ಲೇನ?"

"ಪಾಸ್ ಅಂದ್ರ ಪಾಸ್ಲೇ!"

"ಸಾಕ್ಷಿ ಆದಾಂವ ಒಂದ ಕಡೆ ನಿಂತ ಒದರಬಾರದು ಮಾಶಾಕಣ್ಣ!"

ನಾನು ಕೈಯಲ್ಲಿದ್ದ ಬೆಣ್ಣೆಯ ಕಾಗದ ಮುದ್ದೆ ಮಾಡಿ ಅವನ ಕಾಲಿಗೆ ಒಗೆದೆ. ಅವನು ತೋಳು ಮೇಲೆ ಮಾಡಿದ. ವಿದ್ಯಾಶ್ರೀ ಹೊಸ್ತಿಲ ಮೇಲೇ ನಿಂತುಬಿಟ್ಟಳು. ಆಗ ಕಳಕವ್ವ ಕುಣಿಯಿಂದ ಮೇಲೆ ಬಂದಳು.

"ಇಬ್ಬರೂ ಸುಮ್ಮನಾಗ್ರಿ. ಅರ್ಧ ಪಾಸಾಗೇತಿ, ಅರ್ಧ ಆಗಿಲ್ಲ. ಅರ್ಧ ಖೋಲಿ ನಂದು, ಅರ್ಧ ನಿಂದು. ಆತಿಲ್ಲೋ?"

ದುರ್ಗೇಶ ಖೋಲಿಯನ್ನು ಒಮ್ಮೆ ಕಣ್ಣಲ್ಲೇ ಅಳೆದ. ಅವನ ಲೆಕ್ಕ ನನಗೂ ತಿಳಿಯಿತು. ರಸ್ತೆಯ ಕಡೆಯ ಅರ್ಧ ಅಂಗಡಿಗೆ, ಒಳಗಿನ ಕತ್ತಲೆಯ ಅರ್ಧ ವೈನಿಗೆ. "ಆತು" ಎಂದ, ಮುಖ ಅರಳಿಸಿ.

ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಒಂದು ಪದ್ಧತಿ ಇದೆ. ಹಿರಿಯ ಪಾಲು ಹಾಕಬೇಕು, ಕಿರಿಯ ತನಗೆ ಬೇಕಾದದ್ದನ್ನು ಮೊದಲು ಆರಿಸಿಕೊಳ್ಳಬೇಕು. ಹೊಲವಿರಲಿ, ಮನೆಯಿರಲಿ, ಹೀಗೇ. ಕಳಕವ್ವ ಗಂಡನ ಕಡೆ ತಿರುಗಿ, "ಹಿರ್ಯಾರು ನೀವು. ಪಾಲ ಹಾಕ್ರಿ" ಎಂದಳು.

ತಿರಕಪ್ಪ ಗೋಡೆ ಬಿಟ್ಟು ಏಳಲಿಲ್ಲ. "ನೀನ ಹಾಕು" ಎಂದ.

"ವೈನಿ ಹಾಕಿದ್ರೂ ನಡೀತೈತಿ. ಆರಿಸಾಂವ ನಾನಲ್ಲ?" ಎಂದ ದುರ್ಗೇಶ.

ಅವಳು ಅಟ್ಟದಿಂದ ದಪ್ಪ ನೂಲಿನ ಎಳೆಯೊಂದನ್ನು ತಂದು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದಳು. ಬಡಿಗರು ಗೆರೆ ಹೊಡೆಯುವ ರೀತಿ. ಒಂದು ತುದಿ ನನಗೆ ಕೊಟ್ಟು, "ಬಾಗಲದ ಕಡೆ ಹೋಗಣ್ಣ" ಎಂದಳು. ಅಡ್ಡಗೆರೆ ಹೊಡೆಯುವವರು ಪಕ್ಕದ ಗೋಡೆಗೆ ಹೋಗಬೇಕು. ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಅಲ್ಲೇ ನಿಂತೆ. "ಬಾಗಲದ ಕಡೆನ. ಚೌಕಟ್ಟಿಗೆ ಹತ್ತಿ ಕುಂಡ್ರು" ಎಂದು ತಾನು ಇನ್ನೊಂದು ತುದಿ ಹಿಡಿದು ಹಿಂದಿನ ಗೋಡೆಗೆ ಹೋದಳು. ಎಳೆ ಬಿಗಿಯಾಯಿತು. ನಡುವೆ ಎತ್ತಿ ಬಿಟ್ಟಳು. ನೆಲದ ಮೇಲೆ ಕೆಂಪು ಗೆರೆ ಬಿತ್ತು, ರಸ್ತೆಯಿಂದ ಹಿಂಗೋಡೆಯವರೆಗೆ ಉದ್ದಕ್ಕೆ.

ದುರ್ಗೇಶನಿಗೆ ಕೂಡಲೇ ತಿಳಿಯಲಿಲ್ಲ. ಅವನು ಗೆರೆಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಂದು ಕಡೆ ರಸ್ತೆಯ ಬಾಗಿಲು ಇತ್ತು, ಕಿಟಕಿ ಇರಲಿಲ್ಲ. ಇನ್ನೊಂದು ಕಡೆ ಕಿಟಕಿ, ಕುಣಿ ಇದ್ದವು, ರಸ್ತೆಯ ಬಾಗಿಲು ಇರಲಿಲ್ಲ. ಹೆಜ್ಜೆ ಹಾಕಿ ಅಳೆದ. ಎರಡೂ ಸಮನಾಗಿದ್ದವು.

"ಇದೇನಿದು ಪಾಲು!"

"ಅರ್ಧ ಅಂದ್ಯಲ್ಲ. ಕಮ್ಮಿ ಐತೇನ ನೋಡು."

"ಕಮ್ಮಿ ಇಲ್ಲ, ಆದ್ರ..."

"ಹಂಗಾರ ಆರಿಸ್ಕೊ ದುರ್ಗಪ್ಪ. ನೀ ಸಣ್ಣಾಂವ, ಮೊದಲ ನಿಂದು."

ಅವನು ಕಿಟಕಿಯ ಹತ್ತಿರ ಹೋಗಿ ಗೋಡೆಯನ್ನು ಗುದ್ದಿ ನೋಡಿದ. ಮೊಳದಪ್ಪದ ಮಣ್ಣಿನ ಗೋಡೆ, ಮೇಲೆ ಮಾಳಿಗೆಯ ಭಾರ. ಅದನ್ನು ಒಡೆದು ಬಾಗಿಲು ಮಾಡುತ್ತೇನೆಂದು ಅವನು ಹೇಳುವ ಮೊದಲೇ ತಿರಕಪ್ಪ ಕೂತಲ್ಲಿಂದಲೇ, "ಗ್ವಾಡಿ ಮುಟ್ಟಬ್ಯಾಡ" ಎಂದ. ಆ ದಿನ ಅವನಾಡಿದ್ದು ಎರಡೇ ಮಾತು, ಎರಡೂ ಕೆಲಸಕ್ಕೆ ಬಂದವು.

ಗಿರಾಕಿ ಬಾಗಿಲಿಲ್ಲದ ಅಂಗಡಿಗೆ ಬರುವುದಿಲ್ಲ. ದುರ್ಗೇಶ ಬಾಗಿಲಿನ ಕಡೆಗೆ ಬಂದು ನಿಂತ. "ಇದು ನಂದು" ಎಂದ. ಆಮೇಲೆ ಏನೋ ಹೊಳೆದವನಂತೆ, "ನಡು ಪತ್ರಾ ಹೊಡದು ಬಿಡತೀನಿ ವೈನಿ. ನೀ ಒಳಗ ಹೆಂಗ ಬರ್ತೀ?" ಎಂದು ಕೇಳಿದ.

"ಅಡಗಿಮನ್ಯಾಗಿಂದ ಬರತೀನಿ. ಮೊದ್ಲಿಂದನೂ ಅಲ್ಲಿಂದನ ಬರತೀನಲ್ಲ."

ವಿದ್ಯಾಶ್ರೀ ಹೊಸ್ತಿಲ ಮೇಲೆ ನಿಂತು ಎಲ್ಲವನ್ನೂ ನೋಡಿದಳು. ಅವಳಿಗೆ ಇದರ ತಲೆಬುಡ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. "ಬರ್ತೀನ್ರಿ ಅಕ್ಕಾರ" ಎಂದು ಬಸ್ಸಿಗೆ ಹೋದಳು.

ನಡುವೆ ತಗಡಿನ ಪತ್ರಾಸಿನ ಗೋಡೆ ಬಂತು. ಕುಣಿ ಮುಚ್ಚುವ ಖರ್ಚು ದುರ್ಗೇಶನಿಗೆ ಉಳಿಯಿತು, ಅಷ್ಟು ಸಮಾಧಾನ. ಅವನ ಅಂಗಡಿ ಸುಮಾರಾಗಿ ನಡೆಯುತ್ತದೆ. ಒಳಗೆ ಹಗಲಲ್ಲೂ ಕತ್ತಲೆ, ಟ್ಯೂಬ್‌ಲೈಟ್ ಹಚ್ಚಿಯೇ ಕೂಡಬೇಕು. ವೈರಿಂಗ್ ಮಾಡಿಕೊಟ್ಟವನು ನಾನೇ. ಮಾಡುವಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ. ಕಳಕವ್ವ ಆ ಕಡೆ ಕಿಟಕಿಯ ಬೆಳಕಿನಲ್ಲಿ ಹಳದಿ ಎಮ್ಮೆಗಳಿಗೆ ತೂತು ಹಾಕುತ್ತಿದ್ದಳು. ಪತ್ರಾಸಿನ ಆಚೆಯಿಂದ ಅವಳ ದನಿ ಬಂತು: "ದುರ್ಗಪ್ಪಾ, ಲೈಟ್ ಹಚ್ಚಿದಾಗ ಸಂದಿನ್ಯಾಗಿಂದ ಈ ಕಡೆ ಬರತೈತಿ. ಅಲ್ಲಿ ಒಂದ ರಟ್ಟ ಹಚ್ಚಪಾ, ನನ್ನ ಬಣ್ಣ ಕೆಡತೈತಿ."

ದುರ್ಗೇಶ ಗೊಣಗುತ್ತ ಎದ್ದು ರಟ್ಟು ಹುಡುಕಿದ.